ಬ್ರಿಜೆಟ್ ಜೋನ್ಸಳ ವಧುಪರೀಕ್ಷೆ: ಹೈದರಾಬಾದು ಕನ್ನಡಿಗರ ವಾಚನಾಭಿಪ್ರಾಯಗಳ ಪ್ರಮಾಣಮೀಮಾಂಸೆ

ಹೆಲೆನ್ ಫೀಲ್ಡಿಂಗ್ ಅವರ ‘ಬ್ರಿಜೆಟ್ ಜೋನ್ಸಸ್ ಡೈರಿ’ 1995ರಲ್ಲಿ ಲಂಡನ್ನಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯ ಅಂಕಣವಾಗಿ ಹುಟ್ಟಿ, 1996ರಲ್ಲಿ ಕಾದಂಬರಿಯಾಗಿ, 2001ರಲ್ಲಿ ಸಿನಿಮಾ ಆಗಿ, ಕೊನೆಗೆ ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನ ಭಾನುವಾರದ ಹಳೆಪುಸ್ತಕಗಳ ರಾಶಿಯಲ್ಲಿ ಮೋಕ್ಷ ಪಡೆದ ಕೃತಿ. ಮೂವತ್ತು ದಾಟಿದ, ಮದುವೆಯಾಗದ, ಸಂಬಳಕ್ಕೆ ಮೀರಿದ ಆಸೆಗಳುಳ್ಳ ಒಬ್ಬ ಹೆಣ್ಣುಮಗಳ ಒಂದು ವರ್ಷದ ದಿನಚರಿ ಇದರ ವಸ್ತು. ದಿನದಿನದ ತೂಕ, ಸೇದಿದ ಸಿಗರೇಟು, ಕುಡಿದ ಮದ್ಯ, ತಿಂದ ಕ್ಯಾಲೊರಿ ಇವಿಷ್ಟನ್ನೂ ಆಕೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಶ್ರದ್ಧೆಯಲ್ಲಿ ಬರೆದಿಡುತ್ತಾಳೆ. ಈ ಕೃತಿಯ ಬಗ್ಗೆ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಹುಟ್ಟುವ ಅಭಿಪ್ರಾಯಗಳೆಲ್ಲ ಮೇಲ್ನೋಟಕ್ಕೆ ಸಾಹಿತ್ಯ ವಿಮರ್ಶೆಯಂತೆ ಕಂಡರೂ ಸ್ವರೂಪತಃ ವಧುಪರೀಕ್ಷೆಯ ವರದಿಗಳು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಅಧ್ಯಯನಕ್ಕೆ ಒಳಪಟ್ಟ ಓದುಗವರ್ಗದಲ್ಲಿ ಎರಡು ಪದರಗಳಿವೆ. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದಿನ ಆಡಳಿತದಲ್ಲಿದ್ದುದರಿಂದ ಓದಿಗೆ, ವಕೀಲಿಗೆ, ನೌಕರಿಗೆ ಬಂದು ಕಾಚಿಗುಡ, ಬರ್ಕತ್‌ಪುರಗಳ ಸುತ್ತ ನೆಲೆನಿಂತ ಮನೆತನಗಳು ಮೊದಲ ಪದರ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇವರ ಕಟ್ಟಡಗಳು. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಲ್ಯಾಪ್‌ಟಾಪ್ ಚೀಲದೊಂದಿಗೆ ಬಂದಿಳಿದವರು ಎರಡನೆಯ ಪದರ. ಇವರಿಗೆ ಕಟ್ಟಡಗಳಿಲ್ಲ, ಪೀಜಿಗಳಿವೆ. ಮೊದಲನೆಯವರು ಕಾದಂಬರಿಯನ್ನು ಕೂತು ಓದುತ್ತಾರೆ, ಎರಡನೆಯವರು ಮೆಟ್ರೋದಲ್ಲಿ ನಿಂತು ಓದುತ್ತಾರೆ. ಅಭಿಪ್ರಾಯಭೇದಕ್ಕೆ ಈ ಭಂಗಿಭೇದವೇ ಕಾರಣವೆಂಬ ವಾದವೊಂದಿದೆ, ಅದು ದುರ್ಬಲ.

ಒಂಟಿ ಹೆಣ್ಣಿನ ಕಾದಂಬರಿ ಕನ್ನಡದ ಓದುಗರಿಗೆ ಅಪರಿಚಿತವಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬಳ ದೀರ್ಘಾಯುಷ್ಯದ ಕಥೆ. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಿತ್ರವಾಗಿಸಿದರು. ಹೆಂಗಸರ ಹಾಸ್ಯವೂ ಅಪರಿಚಿತವಲ್ಲ. ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮನವರು ಸಂಸಾರವನ್ನು ಒಳಗಿನಿಂದಲೇ ನೋಡಿ ನಕ್ಕರು. ಹೀಗೆ ಒಂಟಿತನಕ್ಕೆ ಕಣ್ಣೀರು, ಸಂಸಾರಕ್ಕೆ ನಗು ಎಂದು ಖಾತೆ ಹಂಚಿಕೆ ಆಗಿಹೋಗಿತ್ತು. ಒಂಟಿಯಾಗಿದ್ದೂ ನಗಿಸುವವಳು ಬಂದಾಗ ಓದುಗರಿಗೆ ಕರವಸ್ತ್ರವನ್ನು ಏನು ಮಾಡಬೇಕೆಂದು ತೋಚದೆ, ಕೈ ತಾನಾಗಿ ಜಾತಕದ ಕಡೆಗೆ ಹೋಯಿತು.

ಅಭಿಪ್ರಾಯ ಹುಟ್ಟುವ ಮಾರ್ಗಗಳನ್ನು ವಿಂಗಡಿಸಲು ನಮ್ಮ ಪ್ರಾಚೀನರ ಪ್ರಮಾಣವ್ಯವಸ್ಥೆಯೇ ಸಾಕು. ಗೌತಮನ ನ್ಯಾಯಶಾಸ್ತ್ರ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನು ಒಪ್ಪುತ್ತದೆ. ಕುಮಾರಿಲ ಭಟ್ಟನ ಮೀಮಾಂಸೆ ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಸೇರಿಸಿ ಆರು ಮಾಡುತ್ತದೆ. ಸಂಬಂಧ ನೋಡುವವರಿಗೆ ಆರೂ ಬೇಕು.

ಪ್ರತ್ಯಕ್ಷವೆಂದರೆ ಪುಸ್ತಕವನ್ನು ಓದುವುದು. ಅಭಿಪ್ರಾಯಕ್ಕೆ ಇದು ಅವಶ್ಯವಲ್ಲವಾದ್ದರಿಂದ ವಿಸ್ತರಿಸಬೇಕಿಲ್ಲ.

ಅನುಮಾನಕ್ಕೆ ಶಾಸ್ತ್ರದ ಉದಾಹರಣೆ ಬೆಟ್ಟದ ಹೊಗೆ: ಹೊಗೆ ಕಂಡಿತು, ಆದ್ದರಿಂದ ಬೆಂಕಿಯಿದೆ. ಕಾದಂಬರಿಯ ಜನವರಿ 1ರ ಲೆಕ್ಕದಲ್ಲೇ 22 ಸಿಗರೇಟುಗಳಿವೆ. ಹೊಗೆ ಇಷ್ಟು ಸ್ಪಷ್ಟವಾಗಿ ಲಿಖಿತರೂಪದಲ್ಲಿ ಸಿಕ್ಕ ಮೇಲೆ ಬೆಂಕಿಯನ್ನು ಊಹಿಸಲು ಎರಡನೆಯ ಪುಟಕ್ಕೆ ಹೋಗುವ ಕಷ್ಟವಿಲ್ಲ. ಬರ್ಕತ್‌ಪುರದ ಹಿರಿಯರಲ್ಲಿ ಬಹುಪಾಲು ಇಲ್ಲಿಗೇ ನಿಲ್ಲುತ್ತಾರೆ. ಮುಂದುವರಿದವರಿಗೆ ನಾಯಕಿಯ ತಾಯಿ ಎದುರಾಗುತ್ತಾಳೆ. ಆಕೆ ಗಂಡನನ್ನು ಬಿಟ್ಟು ಜೂಲಿಯೋ ಎಂಬ ಪೋರ್ಚುಗೀಸನ ಹಿಂದೆ ಹೋಗಿ, ಅವನು ಮೋಸಗಾರನೆಂದು ತಿಳಿದ ಮೇಲೆ ಮರಳಿ ಬರುವವಳು. ‘ತಾಯಿ ಹಂಗಿದ್ರ ಮಗಳು ಹ್ಯಾಂಗಿರ್ತಾಳ’ ಎಂಬ ವ್ಯಾಪ್ತಿಜ್ಞಾನಕ್ಕೆ ಇಷ್ಟು ಸಾಕಾಗಿ, ಮನೆತನದ ಕಲಂ ಎದುರು ಅಡ್ಡಗೀರು ಬೀಳುತ್ತದೆ.

ಉಪಮಾನದಲ್ಲಿ ಹೈದರಾಬಾದಿನ ಓದುಗರು ಲಂಡನ್ನಿನವರಿಗಿಂತ ಸಮೃದ್ಧರು. ನಾಯಕ ಮಾರ್ಕ್ ಡಾರ್ಸಿಯ ಹೆಸರು ಜೇನ್ ಆಸ್ಟೆನ್‌ರ 1813ರ ಕಾದಂಬರಿಯಿಂದ ಬಂದದ್ದೆಂದು ಅಲ್ಲಿನ ವಿಮರ್ಶಕರು ಹೇಳಿ ಸುಮ್ಮನಾಗುತ್ತಾರೆ. ತೆಲುಗು ವಾರಪತ್ರಿಕೆಗಳನ್ನು ಓದಿ ಬೆಳೆದ ಕಾಚಿಗುಡದ ಗೃಹಿಣಿ ಅವನನ್ನು ಕಂಡಕೂಡಲೇ ಗುರುತಿಸುವುದು ಬೇರೆ ಕಡೆಯಿಂದ: ಇವನು ಯದ್ದನಪೂಡಿ ಸುಲೋಚನಾರಾಣಿಯವರ ‘ಸೆಕ್ರೆಟರಿ’ಯ ರಾಜಶೇಖರಂ. ದುಡ್ಡಿದೆ, ಎತ್ತರವಿದೆ, ಬೇಕಾದಾಗ ಮಾತಿಲ್ಲ. 1976ರಲ್ಲಿ ತೆರೆಗೆ ಬಂದ ಆ ಕಥೆಯ ಜಯಂತಿಯೂ ದುಡಿದು ಬದುಕುವ ಅವಿವಾಹಿತೆಯೇ. ಹಸುವಿನಂತಿರುವುದು ಗವಯ ಎಂಬ ಶಾಸ್ತ್ರವಾಕ್ಯದ ಪ್ರಕಾರ ರಾಜಶೇಖರಂನಂತಿರುವವನು ಡಾರ್ಸಿ. ಆದರೆ ಹಸು ಯಾವುದು, ಗವಯ ಯಾವುದು ಎಂಬ ವಿಷಯದಲ್ಲಿ ಕಾಚಿಗುಡಕ್ಕೆ ಸಂದೇಹವಿಲ್ಲ. ಒಂದೇ ಕೊರತೆ: ಡಾರ್ಸಿ ಹೆಂಡತಿಯಿಂದ ವಿಚ್ಛೇದನ ಪಡೆದವನು. ‘ಎರಡನೇ ಸಂಬಂಧ, ಖರೆ. ಆದ್ರ ವಕೀಲ ಅದಾನಲ್ಲ’ ಎಂದು ಒಂದು ಪಕ್ಷ. ‘ಹೊಸವರ್ಷದ ಊಟಕ್ಕ ಚೌಕಡಿ ಸ್ವೆಟರ್ ಹಾಕ್ಕೊಂಡು ಬಂದಾಂವ ಮುಂದ ಏನು ಸಂಭಾಳಿಸ್ತಾನ’ ಎಂದು ಇನ್ನೊಂದು.

ಆ ಊಟದ ಪ್ರಸಂಗವನ್ನು ಇಲ್ಲಿ ಪ್ರತ್ಯೇಕವಾಗಿ ಗಮನಿಸಬೇಕು. ಕುಟುಂಬಸ್ನೇಹಿತೆಯೊಬ್ಬಳು ಹೊಸವರ್ಷದ ದಿನ ಟರ್ಕಿ ಕೋಳಿಯ ಕರಿ ಮಾಡಿಸಿ, ನಾಲ್ಕು ಮನೆಯವರನ್ನು ಕರೆದು, ಹುಡುಗ ಹುಡುಗಿಯನ್ನು ಎದುರುಬದುರು ನಿಲ್ಲಿಸುತ್ತಾಳೆ. ಹುಡುಗಿಗೆ ರಾತ್ರಿಯ ಅಮಲು ಇಳಿದಿಲ್ಲ, ಹುಡುಗನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಇವರು ಏನು ಮಾತಾಡುತ್ತಾರೆಂದು ಹಿರಿಯರ ಕಿವಿ ಅಷ್ಟು ದೂರದಿಂದ ಇತ್ತಲೇ ಇದೆ. ಉಪ್ಪಿಟ್ಟು, ಕೇಸರಿಬಾತಿನ ಜಾಗದಲ್ಲಿ ಕೋಳಿ ಬಂದದ್ದು ಬಿಟ್ಟರೆ ಇದು ಆಂಧ್ರ, ತೆಲಂಗಾಣ, ಕರ್ನಾಟಕಗಳಲ್ಲಿ ಮುಹೂರ್ತ ನೋಡಿ ನಡೆಯುವ ಕ್ರಿಯೆಯೇ. ಇಡೀ ಕಾದಂಬರಿಯಲ್ಲಿ ‘ಸಹಜವಾಗಿ ಬಂದಿದೆ’ ಎಂಬ ಪ್ರಶಂಸೆಯನ್ನು ಎರಡೂ ಪದರದ ಓದುಗರಿಂದ ಪಡೆದ ಪ್ರಸಂಗ ಇದೊಂದೇ. ಲೇಖಕಿಯೇ ಪುಸ್ತಕವನ್ನು ವಧುಪರೀಕ್ಷೆಯಿಂದ ಆರಂಭಿಸಿರುವಾಗ ಓದುಗರು ಅದನ್ನು ಮುಂದುವರಿಸಿದರೆ ತಪ್ಪೇನೆಂಬ ಪ್ರಶ್ನೆಗೆ ವಿಮರ್ಶಾಶಾಸ್ತ್ರದಲ್ಲಿ ಉತ್ತರವಿಲ್ಲ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಕಾಚಿಗುಡಕ್ಕೆ ಬರುವ ರಾತ್ರಿ ರೈಲಿನಲ್ಲಿ ಬೆಂಗಳೂರಿನ ಅಭಿಪ್ರಾಯಗಳು ಬೆಳಗಾಗುವಷ್ಟರಲ್ಲಿ ಬಂದು ಇಳಿಯುತ್ತವೆ. ತಂದವರು ಓದಿದ್ದಾರೋ ಸಿನಿಮಾ ನೋಡಿದ್ದಾರೋ ಎಂಬುದನ್ನು ಪತ್ತೆಹಚ್ಚುವ ವಿಧಾನ ಸುಲಭ. ಡಾರ್ಸಿಯೂ ಅವನ ಪ್ರತಿಸ್ಪರ್ಧಿ ಡೇನಿಯಲ್ಲನೂ ಬೀದಿಯಲ್ಲಿ ಹೊಡೆದಾಡಿ ಹೋಟೆಲಿನೊಳಕ್ಕೆ ಬೀಳುವ ದೃಶ್ಯವನ್ನು ಯಾರು ಹೊಗಳುತ್ತಾರೋ ಅವರು ಪುಸ್ತಕ ತೆರೆದಿಲ್ಲ. ಆ ಹೊಡೆದಾಟ ಚಿತ್ರದ್ದು, ಕಾದಂಬರಿಯಲ್ಲಿ ಇಲ್ಲ. ನೀಲಿ ಸೂಪಿನ ಪ್ರಸಂಗ ಎರಡರಲ್ಲೂ ಇರುವುದರಿಂದ ಪರೀಕ್ಷೆಗೆ ಒದಗದು. ಬಣ್ಣದ ದಾರವೂ ಸೇರಿ ಕುದಿದು ಸೂಪು ನೀಲಿಯಾದದ್ದನ್ನು ಓದಿ ಗಂಡಸರು ನಗುತ್ತಾರೆ. ಹೆಂಗಸರು ‘ದಾರ ಬಿಚ್ಚಿ ಹಾಕಬಾರದಿತ್ತೇನು’ ಎಂದು ಕೇಳಿ ಅಡುಗೆಯ ಕಲಂಗೂ ಗೀರು ಎಳೆಯುತ್ತಾರೆ.

ಅರ್ಥಾಪತ್ತಿಯ ಶಾಸ್ತ್ರೀಯ ಉದಾಹರಣೆ ಈ ಕಾದಂಬರಿಗೆಂದೇ ಸಾವಿರಕ್ಕೂ ಹೆಚ್ಚು ವರ್ಷ ಕಾದುಕೊಂಡಿದ್ದಂತಿದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಬ್ರಿಜೆಟ್ ಈ ವಿಷಯದಲ್ಲಿ ದೇವದತ್ತನಿಗಿಂತ ಪ್ರಾಮಾಣಿಕಳು, ರಾತ್ರಿಯದನ್ನೂ ಬರೆಯುತ್ತಾಳೆ. ವರ್ಷದ ಮೊದಲ ದಿನದ ನಮೂದು 5424 ಕ್ಯಾಲೊರಿ. ತೂಕ 9 ಸ್ಟೋನ್ 3 ಪೌಂಡು, ಅಂದರೆ ಸುಮಾರು 58 ಕಿಲೋ. ಸ್ಟೋನ್ ಎಂಬ ಮಾಪನ ಓದುವಾಗ ಕಲ್ಲಿನಷ್ಟು ಭಾರವೆಂದು ಭಯಪಟ್ಟ ಓದುಗರು ಕಿಲೋಗೆ ಇಳಿಸಿದೊಡನೆ ಕೆರಳುತ್ತಾರೆ. ಬರ್ಕತ್‌ಪುರದ ಮನೆಯೊಂದರ ಕುಂಕುಮದ ಕಾರ್ಯಕ್ರಮದಲ್ಲಿ ನಡೆಯಬಹುದಾದ ಸಂವಾದದ ಮಾದರಿ ಹೀಗಿದೆ:

‘ಐವತ್ತೆಂಟು ಕಿಲೋ ಅಂದ್ರ ಏನು ದಪ್ಪ ಕಾಕೂ? ಈಕಿ ಕಡ್ಡಿ.’

‘ಹಂಗಾರ ಪುಸ್ತಕ ತುಂಬ ಯಾಕ ಅಳ್ತಾಳ?’

‘ಮದುವಿ ಆಗಿಲ್ಲಲ್ಲ, ಅದಕ್ಕ.’

‘ಆದವ್ರು ಏನು ನಗ್ತಾರೇನವ?’

ಮೌನ. ಬಳಿಕ ಹೋಳಿಗೆ ಬಡಿಸಲಾಗುತ್ತದೆ. ತುಪ್ಪದ ಕ್ಯಾಲೊರಿಯನ್ನು ಹೋಳಿಗೆಯ ಲೆಕ್ಕಕ್ಕೆ ಹಾಕಬೇಕೋ ಬೇರೆಯಾಗಿ ಬರೆಯಬೇಕೋ ಎಂಬುದು ಬ್ರಿಜೆಟ್‌ಗೆ ಒದಗದ ಕ್ಲಿಷ್ಟ ಸಮಸ್ಯೆ. ನಾಯಕಿ ದಪ್ಪಗಿಲ್ಲದೆಯೂ ದಪ್ಪಗಿದ್ದೇನೆಂದು ಅಳುವುದೇ ಹಾಸ್ಯದ ಮೂಲ, ಅದು ಅವಳನ್ನು ಹಾಗೆ ನಂಬಿಸಿದವರ ಮೇಲಿನ ಹಾಸ್ಯ ಎಂದು ಇಂಗ್ಲಿಷ್ ವಿಮರ್ಶೆಯ ಒಂದು ಬಣ. ಗಂಡಿಗಾಗಿ ಇಷ್ಟು ಹಂಬಲಿಸುವವಳು ಸ್ತ್ರೀವಾದಕ್ಕೆ ಹಿನ್ನಡೆ ಎಂದು ಇನ್ನೊಂದು ಬಣ. ಕಾಕು ಇವೆರಡನ್ನೂ ಓದಿಲ್ಲ. ಆದರೂ ಮೊದಲನೆಯ ಬಣದ ಮುಖ್ಯ ಸಿದ್ಧಾಂತವನ್ನು ಮೂರೇ ಪದಗಳಲ್ಲಿ ಮಂಡಿಸಿದ್ದಾರೆ.

ಕೊನೆಯದು ಅನುಪಲಬ್ಧಿ, ಇಲ್ಲದಿರುವುದರ ಅರಿವು. ನೆಲದ ಮೇಲೆ ಗಡಿಗೆಯಿಲ್ಲ ಎಂಬ ಜ್ಞಾನ ಎಲ್ಲಿಂದ ಬಂತು? ಗಡಿಗೆ ಕಾಣದಿರುವುದೇ ಒಂದು ಪ್ರತ್ಯೇಕ ಪ್ರಮಾಣ ಎಂದು ಕುಮಾರಿಲನ ಅನುಯಾಯಿಗಳಾದ ಭಾಟ್ಟರು ಹೇಳುತ್ತಾರೆ. ಮೀಮಾಂಸೆಯದೇ ಇನ್ನೊಂದು ಶಾಖೆಯಾದ ಪ್ರಭಾಕರನ ಮತದವರು ಒಪ್ಪುವುದಿಲ್ಲ: ಕಂಡದ್ದು ಬರೀ ನೆಲ, ಅಷ್ಟೇ. ಗಡಿಗೆಯ ಜಾಗದಲ್ಲಿ ಗಂಡನನ್ನು ಇಟ್ಟರೆ ಹೈದರಾಬಾದಿನ ಓದುಗರು ತಾವಾಗಿ ಈ ಎರಡು ಮತಗಳಾಗಿ ಬೇರ್ಪಡುತ್ತಾರೆ. ಕಾಚಿಗುಡ ಭಾಟ್ಟರದು. ಅವರಿಗೆ ಪ್ರತಿ ಪುಟದಲ್ಲೂ ಗಂಡನ ಅಭಾವ ಕಾಣುತ್ತದೆ. ಅಮೀರ್‌ಪೇಟೆಯ ಲೇಡೀಸ್ ಹಾಸ್ಟೆಲುಗಳು, ಗಚ್ಚಿಬೌಲಿಯ ಪೀಜಿಗಳು ಪ್ರಾಭಾಕರರವು. ಅವರಿಗೆ ಕಾಣುವುದು ಸ್ವಂತ ಬೀಗದ ಕೈ, ಬಾತ್‌ರೂಮಿಗೆ ಸರದಿಯಿಲ್ಲದ ಫ್ಲಾಟು, ರಾತ್ರಿ ಎಷ್ಟೊತ್ತಿಗೆ ಬಂದರೂ ಕೇಳದ ಗೇಟು. ಅಂಥ ನೆಲವನ್ನು ನೋಡಿ ಗಡಿಗೆಯ ನೆನಪಾಗುವುದು ಹೇಗೆಂದು ಅವರ ಪ್ರಶ್ನೆ. ಗಟ್ಟಿಯಾಗಿ ನಗುವವರೂ ಇವರೇ.

ಎರಡೂ ಮತಗಳು ಕೂಡಿ ತಿರಸ್ಕರಿಸುವ ಅಂಶ ಒಂದಿದೆ. ತಾನು ಒಂಟಿಯಾಗಿ ಸತ್ತು, ವಾರಗಟ್ಟಲೆ ಯಾರಿಗೂ ತಿಳಿಯದೆ, ನಾಯಿಯೊಂದು ಅರ್ಧ ತಿಂದ ಮೇಲೆ ಪತ್ತೆಯಾಗುತ್ತೇನೆಂಬುದು ಬ್ರಿಜೆಟ್‌ಳ ಭಯ. ಹೈದರಾಬಾದಿನಲ್ಲಿ ಇದು ಅಸಂಭವ. ಬೆಳಗಿನ ಹಾಲಿನ ಪ್ಯಾಕೆಟ್ಟು ಹತ್ತು ಗಂಟೆಯಾದರೂ ಬಾಗಿಲಲ್ಲಿದ್ದರೆ ಎದುರು ಮನೆಯಾಕೆ ಬೆಲ್ ಮಾಡುತ್ತಾಳೆ, ಕೆಲಸದವಳು ವಾಚ್‌ಮನ್ನನನ್ನು ಕರೆಯುತ್ತಾಳೆ, ವಾಚ್‌ಮನ್ ಓನರ್‌ಗೆ ಫೋನ್ ಮಾಡುತ್ತಾನೆ. ಹುಡುಗಿ ಜ್ವರ ಬಂದು ಮಲಗಿದ್ದರೂ ಮಧ್ಯಾಹ್ನದೊಳಗೆ ಕಲಬುರಗಿಯಲ್ಲಿರುವ ತಾಯಿಗೆ ಸುದ್ದಿ ಮುಟ್ಟಿ, ಸಂಜೆಯ ಬಸ್ಸಿನಲ್ಲಿ ಅವರು ಹೊರಟಿರುತ್ತಾರೆ, ಚೀಲದಲ್ಲಿ ಒಂದೆರಡು ಗಂಡಿನ ಫೋಟೋ ಸಹಿತ.

ಭಾಟ್ಟ–ಪ್ರಾಭಾಕರ ವಿವಾದ ಗ್ರಂಥಗಳಲ್ಲಿ ಇತ್ಯರ್ಥವಾಗಿಲ್ಲ. ಹೈದರಾಬಾದಿನಲ್ಲಿ ಅದನ್ನು ಟು-ಲೆಟ್ ಬೋರ್ಡು ಇತ್ಯರ್ಥ ಮಾಡುತ್ತದೆ. ‘ಫ್ಯಾಮಿಲಿಗೆ ಮಾತ್ರ’ ಎಂದು ಬರೆಸುವ ಓನರ್ ನಿಷ್ಠಾವಂತ ಭಾಟ್ಟ: ನೆಲ ಖಾಲಿಯಿದೆ, ಗಡಿಗೆಯಿಲ್ಲದವರಿಗೆ ಕೊಡುವುದಿಲ್ಲ. ಪ್ರಾಭಾಕರ ಮತದ ಓದುಗಿಯರು ಅಲ್ಲಿಂದ ಹಾಸ್ಟೆಲಿಗೆ ಮರಳಿ, ಗೇಟು ಹಾಕುವ ಮುನ್ನ ಒಳಗೆ ಸೇರಿಕೊಂಡು, ಮೂರು ಮಂಚಗಳ ಕೋಣೆಯಲ್ಲಿ ಒಂದೇ ಪ್ರತಿಯನ್ನು ಸರದಿಯ ಮೇಲೆ ಓದುತ್ತಾರೆ.