ಎರಡು ಮೊಟ್ಟೆಯ ಭಾರ

ಗುಂಡು ಹತ್ತರ ಬದಲು ಒಂಬತ್ತರ ಗೆರೆಗೆ ಬಿತ್ತೆಂದರೆ ಶೂಟರ್ ತನ್ನ ಬೆರಳನ್ನು ಬಿಟ್ಟು ಮಿಕ್ಕೆಲ್ಲವನ್ನೂ ಪರೀಕ್ಷಿಸುತ್ತಾನೆ. ನಳಿಗೆಯೊಳಗೆ ಇಣುಕುತ್ತಾನೆ, ಟ್ರಿಗರ್ ಸವರುತ್ತಾನೆ, ಪಕ್ಕದವನಿಗೆ ಕೇಳಿಸುವ ಹಾಗೆ ‘ಛೆ’ ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನಗುವ ಹಾಗಿಲ್ಲ. ಈ ಆಟದಲ್ಲಿ ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ತಾಪತ್ರಯವೇ ಅದು.

ಐವತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಅದಕ್ಕೆ ಹೊಡೆಯುವ ಪಾಯಿಂಟ್ 22 ರೈಫಲ್ ಆರೇಳು ಕಿಲೋ ತೂಗಬಹುದು. ಆದರೆ ಅದರ ಟ್ರಿಗರ್ ಎಳೆಯಲು ಬೇಕಾದ ಭಾರ ಸುಮಾರು 100 ಗ್ರಾಂ. ಅಂದರೆ ಎರಡು ಕೋಳಿಮೊಟ್ಟೆ. ಏರ್ ಪಿಸ್ತೂಲಿಗೆ 500 ಗ್ರಾಮಿಗಿಂತ ಕಡಿಮೆ ಇರಬಾರದೆಂದು ನಿಯಮವಿದೆ, 300 ಮೀಟರಿನ ಸ್ಟ್ಯಾಂಡರ್ಡ್ ರೈಫಲ್ಲಿಗೆ 1500 ಗ್ರಾಂ. ನಮ್ಮ ಐವತ್ತು ಮೀಟರಿನವನಿಗೆ ಅಂಥ ಕಟ್ಟುಪಾಡಿಲ್ಲ. ಹೀಗಾಗಿ ಅವನು ತನ್ನ ಪಾಡನ್ನು ತಾನೇ ತಂದುಕೊಳ್ಳುತ್ತಾನೆ.

ಒಳ್ಳೆಯ ಟ್ರಿಗರಿಗೆ ಎರಡು ಹಂತ. ಮೊದಲು ಬೆರಳು ಸಡಿಲವಾಗಿ ಹಿಂದೆ ಸರಿಯುತ್ತದೆ, ಆಮೇಲೆ ಗೋಡೆ ಮುಟ್ಟಿದಂತೆ ನಿಲ್ಲುತ್ತದೆ. ಇನ್ನೊಂದು ಕೂದಲೆಳೆ ಒತ್ತಿದರೆ ಗುಂಡು ಹಾರುತ್ತದೆ. ಆ ಗೋಡೆ ಸ್ಪಷ್ಟವಾಗಿ ಬೆರಳಿಗೆ ಸಿಗಬೇಕು. ಭಾರ ಎಷ್ಟೆನ್ನುವುದು ಆಮೇಲಿನ ಮಾತು. ಪಕ್ಕದಲ್ಲಿ ನಾಲ್ಕೈದು ಪುಟ್ಟ ತಿರುಪುಗಳಿರುತ್ತವೆ. ಕೊಂಡ ಮೊದಲ ಭಾನುವಾರ ಮಾಲೀಕ ಅವುಗಳಿಗೆ ಕೈ ಹಾಕುತ್ತಾನೆ. ಕಾಲು ಸುತ್ತು, ಅರ್ಧ ಸುತ್ತು, ಇನ್ನೊಂದು ಕಾಲು. ಒಳಗಿನ ಕೊಂಡಿಯ ಹಿಡಿತ ತೀರಾ ಕಡಿಮೆಯಾಗಿ, ತೋಟಾ ಒಳತಳ್ಳುವ ಬೋಲ್ಟನ್ನು ಸ್ವಲ್ಪ ಜೋರಾಗಿ ಮುಚ್ಚಿದ್ದಕ್ಕೇ ಟ್ರಿಗರ್ ಮುಟ್ಟದೆ ‘ಟಕ್’ ಅನ್ನುತ್ತದೆ. ಖಾಲಿ ರೈಫಲ್ಲಿನಲ್ಲಿ ಹಾಗಾದರೆ ನಗಬಹುದು. ತೋಟಾ ಇದ್ದಾಗ ಆದರೆ ರೇಂಜಿನ ಅಧಿಕಾರಿ ನಗುವುದಿಲ್ಲ.

ನಳಿಗೆಯ ವಿಚಾರ ಮದುವೆಯ ವಿಚಾರದಂತೆ, ಜಾತಕ ಕೂಡಬೇಕು. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ತೋಟಾ. ಆದರೂ ಒಮ್ಮೆಗೆ ತಯಾರಾದ ಒಂದು ಲಾಟ್ ಈ ನಳಿಗೆಗೆ ಒಗ್ಗುತ್ತದೆ, ಮುಂದಿನ ಲಾಟ್ ಮುನಿಸಿಕೊಳ್ಳುತ್ತದೆ. ದೊಡ್ಡ ಪಂದ್ಯದವರು ತೋಟಾ ಕಂಪನಿಗಳಾದ ಈಲಿಯ ಇಂಗ್ಲೆಂಡಿನ, ಲಪುವಾದ ಜರ್ಮನಿಯ ಪರೀಕ್ಷಾ ಕೇಂದ್ರಗಳಿಗೆ ರೈಫಲ್ ಹೊತ್ತೇ ಹೋಗುತ್ತಾರೆ. ಅಲ್ಲಿ ರೈಫಲ್ಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು, ಒಂದೊಂದು ಲಾಟಿನಿಂದಲೂ ಹತ್ತು ಹತ್ತು ಗುಂಡು ಹೊಡೆದು, ರಂಧ್ರಗಳ ಗುಂಪು ಎಲ್ಲಿ ಚಿಕ್ಕದೋ ಆ ಲಾಟನ್ನು ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ. ಯಾವ ಲಾಟೂ ಕೂಡದಿದ್ದರೆ ಮಾತ್ರ ಹೊಸ ನಳಿಗೆಯ ಮಾತು.

ಅದೂ ಬಲ್ಬ್ ಬದಲಿಸಿದಂತಲ್ಲ. ತೋಟಾ ಕೂರುವ ಗೂಡನ್ನು ಕೊರೆಯಬೇಕು, ಬೋಲ್ಟಿಗೂ ಅದಕ್ಕೂ ಅಳತೆ ಕೂಡಿಸಬೇಕು, ನಳಿಗೆಯ ಬಾಯಂಚಿನಲ್ಲಿ ಒಂದು ಗೀರೂ ಇರಬಾರದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಿಡಿ ನಳಿಗೆಯೂ ಶಸ್ತ್ರವೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಏನೆಲ್ಲ ಸಿಕ್ಕರೂ ಇದು ಸಿಗದು.

ನಳಿಗೆ ಮುಖ್ಯವೋ ಟ್ರಿಗರ್ ಮುಖ್ಯವೋ ಎಂದು ಜಗಳವಾಡುವವರು ಅಮೆರಿಕದ ಶೂಟರ್ ಮ್ಯಾಥ್ಯೂ ಎಮನ್ಸ್ ಕಥೆ ಕೇಳಬೇಕು. 2004ರ ಅಥೆನ್ಸ್ ಒಲಿಂಪಿಕ್ಸಿಗೆ ಕೆಲವೇ ತಿಂಗಳಿರುವಾಗ ಯಾರೋ ಅವರ ರೈಫಲ್ಲಿನ ನಳಿಗೆಯನ್ನು ಬೇಕೆಂದೇ ಕೆಡಿಸಿಟ್ಟರು. ನೆಲ ಡೊಂಕಾಗಿದ್ದ ಪ್ರಸಂಗ ಇದು. ಎಮನ್ಸ್ ಕಾಲೇಜು ತಂಡದ ಹಳೆಯ ಒಡನಾಡಿಯೊಬ್ಬರ ರೈಫಲ್ ಎರವಲು ತಂದು, ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಮೂರು ಭಂಗಿಗಳ ಸ್ಪರ್ಧೆಯಲ್ಲೂ ಮುಂದಿದ್ದವರು ಕೊನೆಯ ಗುಂಡನ್ನು ಪಕ್ಕದ ಆಸ್ಟ್ರಿಯಾದವನ ಗುರಿಗೆ ಹೊಡೆದುಬಿಟ್ಟರು. ಅದರಲ್ಲಿ ನಳಿಗೆಯ ತಪ್ಪೇನೂ ಇಲ್ಲ, ಪಾಪ, ತೋರಿಸಿದ ಕಡೆಗೇ ಹೊಡೆದಿತ್ತು. ಆ ದಿನ ಸಮಾಧಾನ ಹೇಳಲು ಬಂದ ಚೆಕ್ ಶೂಟರ್ ಕಾತೆರ್ಜಿನಾ ಕುರ್ಕೋವಾ ಮುಂದೆ ಅವರನ್ನೇ ಮದುವೆಯಾದರು. ಈ ಜಾತಕ ಮಾತ್ರ ಒಂದೇ ಗುಂಡಿಗೆ ಕೂಡಿತು.

ನಾಲ್ಕು ವರ್ಷದ ಮೇಲೆ ಬೀಜಿಂಗ್. ಅದೇ ಸ್ಪರ್ಧೆ, ಮತ್ತೆ ಮುಂದಿದ್ದರು, ಮತ್ತೆ ಕೊನೆಯ ಗುಂಡು. 6.7 ಬಂದರೂ ಚಿನ್ನ ಅವರದೇ. ರೈಫಲ್ಲನ್ನು ಗುರಿಯತ್ತ ಇಳಿಸುತ್ತಿರುವಾಗಲೇ ಬೆರಳು ಟ್ರಿಗರಿಗೆ ತಗುಲಿತು. ಬಂದದ್ದು 4.4, ಸಿಕ್ಕಿದ್ದು ನಾಲ್ಕನೇ ಸ್ಥಾನ. ಎರವಲು ರೈಫಲ್ಲಿನಲ್ಲಿ ಚಿನ್ನ ಗೆದ್ದ ಬೆರಳೂ ಇದೇ.

ಹೊಸ ನಳಿಗೆಗೆ ದುಡ್ಡು ಕೂಡಿಸುತ್ತಿರುವವರು ದಯವಿಟ್ಟು ಅವಸರ ಮಾಡಬೇಡಿ. ಮೊದಲು ರೈಫಲ್ಲಿನ ಲೋಹದ ಭಾಗವನ್ನು ಸ್ಟಾಕಿಗೆ, ಅಂದರೆ ಭುಜಕ್ಕೊರಗುವ ಹಿಡಿಗೆ, ಹಿಡಿದಿಟ್ಟಿರುವ ಎರಡು ತಿರುಪುಗಳನ್ನು ಬಿಗಿ ಮಾಡಿ. ಆಮೇಲೆ ಬೇರೆ ಲಾಟಿನ ಒಂದು ಡಬ್ಬಿ ತೋಟಾ ಹೊಡೆದು ನೋಡಿ.