ಲಾವಾಚಾರಣ ಮೀಮಾಂಸೆ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲೆಲ್ಲಾದರೂ ವಾಸ, ಕಾಲಲ್ಲಿ ಟ್ರೆಕ್ಕಿಂಗ್ ಶೂ, ಭಾನುವಾರ ಬಿಡುವು, ಹೊಸ ಲಾವಾದ ಮೇಲೆ ನಡೆಯಬೇಕೆಂಬ ತೀವ್ರ ಹಂಬಲ ಎಂಬ ಸಾಧನಚತುಷ್ಟಯ ಉಳ್ಳವನೇ ಅಧಿಕಾರಿ. ಬಿಟಿಎಂ ಲೇಔಟಿನವರಿಗೆ ಬಿಡುವೆಂಬುದು ಅಸಿದ್ಧವಾದರೂ ಶೂ ಬಲದಿಂದ ಅವರನ್ನೂ ಸೇರಿಸಿಕೊಳ್ಳತಕ್ಕದ್ದು.

ಪೂರ್ವಪಕ್ಷಿ ಐಸ್‌ಲ್ಯಾಂಡಿಗೆ ಹೋಗೋಣ ಎನ್ನುತ್ತಾನೆ. 2021ರ ಮಾರ್ಚ್ 19ರಂದು ಅಲ್ಲಿನ ಫಾಗ್ರಡಾಲ್ಸ್‌ಫ್ಯಾಲ್ ಬಾಯಿ ಬಿಟ್ಟಾಗ ಊರ ಜನ ನಡೆದೇ ಹೋಗಿ ನೋಡಿ ಬಂದರು. ಪ್ರತ್ಯಕ್ಷ ಪ್ರಮಾಣ, ಒಪ್ಪಿದೆವು. ಆದರೆ ವೀಸಾ ಎಂಬ ಪ್ರತಿಬಂಧಕವಿದೆ. ಭಾರತದಲ್ಲಿ ಉಸಿರಾಡುತ್ತಿರುವ ಜ್ವಾಲಾಮುಖಿಯೋ, ಅಂಡಮಾನಿನ ಬ್ಯಾರನ್ ದ್ವೀಪವೊಂದೇ. ಒಂದೂವರೆ ಶತಮಾನಕ್ಕೂ ಹೆಚ್ಚು ಮಲಗಿದ್ದು 1991ರಲ್ಲಿ ಎದ್ದಿತು. ಹಡಗಿನಿಂದ ನೋಡಬಹುದು, ಇಳಿಯುವಂತಿಲ್ಲ. ಇಳಿಯದವನಿಗೆ ಶೂ ಯಾಕೆ?

ಹೊಗೆಯಿದ್ದಲ್ಲಿ ಬೆಂಕಿಯಿರಲೇಬೇಕಾದ್ದರಿಂದ ಸಿಲ್ಕ್ ಬೋರ್ಡ್ ಜಂಕ್ಷನ್ನೇ ಜ್ವಾಲಾಮುಖಿ ಎಂದು ನವ್ಯ ನೈಯಾಯಿಕರು ವಾದಿಸುವುದುಂಟು. ಅದು ಹೇತ್ವಾಭಾಸ. ಆ ಹೊಗೆ ಡೀಸೆಲ್ಲಿನದು.

ಇನ್ನು ಲಾಲ್‌ಬಾಗ್ ಬಂಡೆ. ಕೆಂಪೇಗೌಡ ಗೋಪುರ ಹೊತ್ತು ನಿಂತ ಈ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಕ್ಕೆ ಸುಮಾರು 300 ಕೋಟಿ ವರ್ಷ. ಹಿರಿತನಕ್ಕೆ ನಮಸ್ಕಾರ. ಆದರೆ ಅದು ನೈಸ್ ಶಿಲೆ. ಭೂಮಿಯ ಆಳದಲ್ಲೇ ಬೆಂದು, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದದ್ದೇ ಹೊರತು ಲಾವಾದಂತೆ ಉಕ್ಕಿ ಹರಿದದ್ದಲ್ಲ.

ಉಕ್ಕಿದ್ದು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಹೊಮ್ಮಿದ ಶಿಲಾರಸ ತಟಕ್ಕನೆ ಆರಿ ದಿಂಬು ದಿಂಬಾಗಿ ಗಟ್ಟಿಯಾಯಿತು. ಅದೂ ಸ್ಮಾರಕವೇ. ಸಮುದ್ರತಳದಲ್ಲಿ ಹುಟ್ಟಿದ ಕಲ್ಲು ಈಗ ಮಳೆಗಾಗಿ ಮೋಡ ನೋಡುವ ಸೀಮೆಯಲ್ಲಿದೆ. ಅಷ್ಟು ದಿಂಬಿದ್ದರೂ ತಲೆಯಿಟ್ಟು ಮಲಗಲು ಒಂದೂ ಒದಗದು ಎಂಬುದು ಕ್ಷೇತ್ರಕಾರ್ಯದ ಫಲಿತಾಂಶ.

ಈಗ ಸಿದ್ಧಾಂತ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ಲಾವಾ ಪದರ ಪದರವಾಗಿ ಹರಿದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೂ ಹಬ್ಬಿತು. ಮರಡಿಹಳ್ಳಿಯ ಲೆಕ್ಕದಲ್ಲಿ ಇದು ಮೊನ್ನೆ ಮೊನ್ನೆಯ ಸಂಗತಿ. ‘ಹೊಸ ಲಾವಾ’ ಎಂಬ ಲಕ್ಷಣ ಇಲ್ಲಿಗೆ ಸಲ್ಲುತ್ತದೆ. ವಿಜಯಪುರದವರು ಶೂ ಇಲ್ಲದೆ ದಿನಾ ಅದರ ಮೇಲೇ ಓಡಾಡುತ್ತಾರೆ, ಫೋಟೊ ತೆಗೆದುಕೊಳ್ಳುವುದಿಲ್ಲ. ಅದೇ ಕಪ್ಪು ಕಲ್ಲಿನಲ್ಲಿ 1656ರ ಹೊತ್ತಿಗೆ ಗೋಲ್ ಗುಂಬಜ್ ಕಟ್ಟಿ ಮುಗಿಸಿಯೂ ಬಿಟ್ಟರು. ಆ ಕಲ್ಲು ಸವೆದು ಎರೆಮಣ್ಣಾಯಿತು. ಎರೆಮಣ್ಣು ಮಳೆನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದರಿಂದ ಮಳೆ ನಿಂತ ಮೇಲೂ ಹಿಂಗಾರಿ ಬಿಳಿಜೋಳ ತೆನೆ ಕಟ್ಟುತ್ತದೆ. ಜೋಳ ರೊಟ್ಟಿಯಾಗುತ್ತದೆ. ರೊಟ್ಟಿ ಜೆ.ಪಿ. ನಗರದ ಖಾನಾವಳಿಗೆ ಬರುತ್ತದೆ.

ರೊಟ್ಟಿ ಲಾವಾ ಹೇಗಾದೀತು ಎಂದು ಆಕ್ಷೇಪಿಸುವವರು ಸತ್ಕಾರ್ಯವಾದ ಓದಿಲ್ಲ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ. ಆದ್ದರಿಂದ ಜಯನಗರದಿಂದ ಖಾನಾವಳಿಯವರೆಗಿನ ನಡಿಗೆಯೇ ಶಾಸ್ತ್ರೋಕ್ತ ಲಾವಾಚಾರಣ. ಆಟೋ ಹತ್ತಿದವನಿಗೆ ಫಲವಿಲ್ಲ. ಊಟ ಮಾತ್ರ ಉಂಟು.

ಚಾರಣಿಗರು ಮಧ್ಯಾಹ್ನ ಹನ್ನೆರಡೂವರೆಗೇ ಹೊರಡಿ. ತಡವಾದರೆ ಬಿಸಿ ರೊಟ್ಟಿ ಮುಗಿದು ಖಡಕ್ ರೊಟ್ಟಿಯೇ ಗತಿ, ಎಣಗಾಯಿಯಂತೂ ಸಿಗುವುದಿಲ್ಲ.