ಬುಡಕಟ್ಟು ಕಲಾವಿದೆ: ಬಳಸುವ ಮುನ್ನ ಓದಿ

ಅಭಿನಂದನೆಗಳು! ನಿಮ್ಮ ಸಮಿತಿ ಈ ಸಲದ ಉತ್ಸವಕ್ಕೆ ಒಬ್ಬ ಬುಡಕಟ್ಟು ಕಲಾವಿದೆಯನ್ನು ಗೊತ್ತುಮಾಡಿಕೊಂಡಿದೆ. ಸರಿಯಾಗಿ ಬಳಸಿದರೆ ಅಧ್ಯಕ್ಷರಿಗೊಂದು ಫೋಟೊ, ಪತ್ರಿಕೆಯಲ್ಲೊಂದು ಸುದ್ದಿ, ಬರುವ ವರ್ಷಕ್ಕೊಂದು ಅನುದಾನ, ಮೂರೂ ಒಂದೇ ಸಂಜೆಯಲ್ಲಿ ಸಿಗುತ್ತವೆ. ಈ ಕೈಪಿಡಿಯನ್ನು ಜೋಪಾನವಾಗಿಡಿ. ಕಲಾವಿದೆಯ ಫೋನ್ ನಂಬರು ಕಳೆದುಹೋದರೆ ಚಿಂತೆಯಿಲ್ಲ.

1. ಪೆಟ್ಟಿಗೆಯಲ್ಲಿ ಏನೇನಿದೆ

ಶಾಲು ಒಂದು. ಹಾರ ಒಂದು. ಮೈಸೂರು ಪೇಟ ಒಂದು (ಎಲ್ಲ ತಲೆಗೂ ಒಂದೇ ಅಳತೆ). ಹಣ್ಣಿನ ಬುಟ್ಟಿ ಒಂದು. ಗಾಜಿನ ಡಬ್ಬಿಯಲ್ಲಿ ಕೂರಿಸಿದ ಸ್ಮರಣಿಕೆ ಒಂದು. ಅದರ ಮೇಲೆ ಹೆಸರು ತಪ್ಪಾಗಿ ಅಚ್ಚಾಗಿದ್ದರೆ ಅದನ್ನು ದೋಷವೆಂದು ಪರಿಗಣಿಸುವುದಿಲ್ಲ. ಸಂಭಾವನೆ ಈ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟವರಿಗೆ ಆಮೇಲೆ ಕಳಿಸಲಾಗುವುದು. ‘ಆಮೇಲೆ’ ಎಂಬುದರ ಅರ್ಥ ಕೇಳಬಾರದು.

2. ವೇದಿಕೆಯಲ್ಲಿ ಅಳವಡಿಸುವ ವಿಧಾನ

ಕಾರ್ಯಕ್ರಮ ಸಂಜೆ ಆರಕ್ಕಿದ್ದರೆ ಕಲಾವಿದೆಯನ್ನು ಮಧ್ಯಾಹ್ನ ಎರಡಕ್ಕೇ ಬರಹೇಳಿ. ಗಣ್ಯರು ಏಳೂವರೆಗೆ ಬರುತ್ತಾರೆ. ನಡುವಿನ ಹೊತ್ತಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಅರ್ಧ ಲೋಟ ಚಹಾ ಸಾಕು. ನಿರೂಪಕರು ‘ಎಲೆಮರೆಯ ಕಾಯಿ’ ಎಂಬ ಮಾತನ್ನು ಕನಿಷ್ಠ ಎರಡು ಸಲ ಹೇಳಬೇಕು. ಆ ಎಲೆ ಯಾರದ್ದು ಎಂದು ಈವರೆಗೆ ಯಾವ ಸಭಿಕರೂ ಕೇಳಿದ್ದಿಲ್ಲ.

3. ಎಚ್ಚರಿಕೆ: ಕಲಾವಿದೆ ಮಾತಾಡಬಹುದು

ಈ ಕೈಪಿಡಿ ಬರೆದವನೂ ಒಂದು ಸಮಿತಿಯಲ್ಲಿ ಇದ್ದವನೇ. ಯಲ್ಲಾಪುರ ಕಡೆಯ ಒಬ್ಬ ಸಿದ್ದಿ ಅಜ್ಜಿಯನ್ನು ಕರೆಸಿದ್ದೆವು. ಕೌದಿ ಹೊಲಿಯುವವರು. ಶಾಲು ಹೊದೆಸಿದ್ದೇ ತಡ, ಅಜ್ಜಿ ಅದನ್ನು ಹೆಗಲಿಂದ ಇಳಿಸಿ, ತಿರುವಿ, ಹಿಂಬದಿಯ ಹೊಲಿಗೆಯನ್ನು ಬೆರಳಲ್ಲಿ ಎಳೆದು ನೋಡಿದರು. ಮಿಷನ್ ಹೊಲಿಗೆ, ಎರಡು ದಾರ ಬಿಟ್ಟುಕೊಂಡಿತು. ಮೈಕು ಹತ್ತಿರವೇ ಇತ್ತು. ‘ಎಷ್ಟು ಕೊಟ್ರಿ ಇದಕ್ಕೆ?’ ಸಭೆ ನಕ್ಕಿತು. ನಮ್ಮ ಖಜಾಂಚಿ ಬಾಯಿತಪ್ಪಿ ‘ಮುನ್ನೂರೈವತ್ತು’ ಎಂದುಬಿಟ್ಟರು. ‘ಅಷ್ಟಕ್ಕೆ ನಂಗೆ ಮಳೆಗಾಲ ಕಳೆಯುವಷ್ಟು ದಾರ ಬರ್ತಿತ್ತು’ ಎಂದರು ಅಜ್ಜಿ. ಆ ಮೇಲಿಂದ ನಾವು ಮೈಕನ್ನು ದೂರ ಇಡುತ್ತೇವೆ.

4. ಬೆಲೆ ಇಳಿಸುವ ಕ್ರಮ

ಕೌದಿಯ ಬೆಲೆ ಕೇಳಿ, ಹುಬ್ಬೇರಿಸಿ, ‘ಹಳೇ ಬಟ್ಟೆ ತಾನೇ?’ ಎನ್ನಿ. ಮಾತು ನಿಜವೇ. ಹರಿದ ಸೀರೆ, ಮಾಸಿದ ಲುಂಗಿ, ಮಕ್ಕಳಿಗೆ ಗಿಡ್ಡವಾದ ಅಂಗಿ, ಎಲ್ಲ ಚೂರಾಗಿ ಅದರೊಳಗೆ ಸೇರಿರುತ್ತವೆ. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತು ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮುಕ್ಕೋನದ ಹೂ ಕೂರಿಸುತ್ತಾರೆ. ಅವರ ಮಾತಿನಲ್ಲಿ ಅದು ‘ಫುಲ’. ಫುಲ ಇಲ್ಲದೆ ಕೌದಿ ಮುಗಿದಂತಲ್ಲ. ಬಣ್ಣದ ಪಕ್ಕ ಯಾವ ಬಣ್ಣ ಬರಬೇಕೆಂಬ ಲೆಕ್ಕ ಯಾವ ಕಾಗದದಲ್ಲೂ ಇಲ್ಲ. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಸೆಂಟರಿನಲ್ಲಿ ಈ ಕೌದಿಗಳ ಪ್ರದರ್ಶನವೇ ನಡೆಯಿತು. ಅಲ್ಲಿ ಗೋಡೆಯ ಮೇಲೆ ತೂಗಿದ್ದು ಇಲ್ಲಿ ಅಂಗಳದ ಹಗ್ಗದ ಮೇಲೆ ಒಣಗುತ್ತದೆ. ಚೌಕಾಸಿ ಮಾಡುವಾಗ ಹಗ್ಗವನ್ನಷ್ಟೇ ನೆನೆಯಿರಿ, ಗೋಡೆಯನ್ನು ಮರೆಯಿರಿ.

5. ಕಲಾವಿದೆ ‘ಉದ್ಯಮಿ’ ಆಗತೊಡಗಿದರೆ

ತಕ್ಷಣ ಬಳಕೆ ನಿಲ್ಲಿಸಿ. ಶಾಲು ಹೊದೆಸಲು ಸಾಲುಗಟ್ಟಿ ನಿಲ್ಲುವ ಊರು ಸಾಲ ಕೇಳಿದರೆ ಖಾಲಿಯಾಗುತ್ತದೆ. ಬ್ಯಾಂಕಿನಲ್ಲಿ ಪ್ರಶಸ್ತಿಪತ್ರವನ್ನು ಅಡ ಇಡಲು ಬರುವುದಿಲ್ಲ. ಅದಕ್ಕಿಂತ ವಸ್ತುವನ್ನು ಹೊಗಳಿ, ಮಾಡಿದವರನ್ನು ಬಿಡುವುದು ಸುರಕ್ಷಿತ. ನೀಲಗಿರಿಯ ಬೆಟ್ಟ ಕುರುಂಬ, ಪಣಿಯ, ಕಾಟುನಾಯಕ, ಸೋಲಿಗ ಜನ ಕಾಡನ್ನು ನುಂಗುತ್ತಿರುವ ಲಂಟಾನ ಕಳೆಯನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ, ನಿಜವಾದ ಆನೆಯಷ್ಟೇ ಎತ್ತರದ ಆನೆಗಳನ್ನು ಕಟ್ಟಿದರು. ಅಂಥ 100 ಆನೆ 2024ರಿಂದ ಅಮೆರಿಕದ ಊರೂರು ತಿರುಗಿದವು. ಆನೆಯ ಸೊಂಡಿಲ ಕೆಳಗೆ ನಿಂತು ಸೆಲ್ಫಿ ತೆಗೆಯಿರಿ. ಕಟ್ಟಿದ್ದು ಯಾರೆಂದು ಯಾರಾದರೂ ಕೇಳಿದರೆ ‘ಲೋಕಲ್ ಜನ’ ಎನ್ನಿ.

6. ಗುರುತಿಸುವುದು: ಎರಡು ಸ್ವಿಚ್ಚುಗಳು

ಈ ಯಂತ್ರಕ್ಕೆ ಎರಡು ಸ್ವಿಚ್ಚಿವೆ: ‘ಪ್ರಶಸ್ತಿ’ ಮತ್ತು ‘ಪಟ್ಟಿ’. ಎರಡಕ್ಕೂ ಒಳಗೆ ತಂತಿಯ ನಂಟಿಲ್ಲ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಸುಕ್ರಜ್ಜಿಯ ಬಾಯಲ್ಲಿದ್ದ ಹಾಡುಗಳನ್ನು ನಾಡೆಲ್ಲ ಬುಡಕಟ್ಟಿನ ಸಿರಿ ಎಂದು ಮೆಚ್ಚಿತು. ಆದರೆ ಅವರ ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂಬ ಬೇಡಿಕೆ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ತೀರಿಕೊಂಡಾಗಲೂ ಬೇಡಿಕೆಯಾಗಿಯೇ ಇತ್ತು. ಹಾಡು ಬುಡಕಟ್ಟಿನದು, ಹಾಡಿದವರು ಕಡತದಲ್ಲಿ ಅಲ್ಲ. ಅದೇ ಜಿಲ್ಲೆಯ ಸಿದ್ದಿಯರಿಗೆ ಪಟ್ಟಿ ಸಿಕ್ಕಿದ್ದೂ 2003ರಲ್ಲಿ. ಅವರ ಹಿರಿಯರು ಈ ನೆಲಕ್ಕೆ ಬಂದು ಶತಮಾನಗಳು ಕಳೆದಿದ್ದವು. ಅವಸರದ ಬಳಕೆದಾರರು ಮೊದಲನೆಯ ಸ್ವಿಚ್ಚನ್ನಷ್ಟೇ ಒತ್ತಲಿ. ಬೆಳಕು ಚೆನ್ನಾಗಿ ಬರುತ್ತದೆ.

7. ಸಾಮಾನ್ಯ ತೊಂದರೆಗಳು

*ಕಲಾವಿದೆ ಸಂಭಾವನೆ ಕೇಳುತ್ತಾರೆ.* ‘ಕಲಾಸೇವೆ’ ಎಂಬ ಪದವನ್ನು ಸಿಂಪಡಿಸಿ.

*ಮಾಸಾಶನಕ್ಕೆ ಅರ್ಜಿ ಹಾಕುತ್ತಾರೆ.* ಇಷ್ಟು ವರ್ಷ ಹಾಡಿದ್ದಕ್ಕೆ ಸಾಕ್ಷಿ ಕೇಳಿ. ಮದುವೆ ಚಪ್ಪರದಲ್ಲಿ, ಗದ್ದೆಯ ಬದುವಿನಲ್ಲಿ ಹಾಡಿದ್ದಕ್ಕೆ ಯಾರೂ ಪ್ರಮಾಣಪತ್ರ ಕೊಟ್ಟಿರುವುದಿಲ್ಲ.

*ಮಗಳು ಕಲಿಯಲೊಲ್ಲಳು, ಗಾರ್ಮೆಂಟ್ಸಿಗೆ ಹೋಗುತ್ತಾಳೆ.* ‘ನಶಿಸುತ್ತಿರುವ ಕಲೆಗಳು’ ಎಂಬ ವಿಚಾರ ಸಂಕಿರಣ ಏರ್ಪಡಿಸಿ. ಮಗಳನ್ನು ಕರೆಯಬೇಡಿ, ಸಂಬಳದ ಮಾತು ತೆಗೆದಾಳು.

8. ವಾರಂಟಿ

ಗೌರವದ ಅವಧಿ ಒಂದು ಸಂಜೆ. ಶಾಮಿಯಾನ ಬಿಚ್ಚಿದ ಮೇಲೆ ಉಂಟಾಗುವ ಹಸಿವಿಗೆ, ತಪ್ಪಿದ ಕೊನೆಯ ಬಸ್ಸಿಗೆ ಸಮಿತಿ ಹೊಣೆಯಲ್ಲ.

9. ಅನುಬಂಧ (ಸಣ್ಣಕ್ಷರದಲ್ಲಿ ಅಚ್ಚು ಹಾಕಿಸುವುದು)

ಅರ್ಧ ದುಡ್ಡು ಮುಂಗಡ, ಉಳಿದದ್ದು ಅಂದೇ ಕೈಗೆ. ಹೋಗಿಬರುವ ಖರ್ಚು ಬೇರೆ. ಮಾರುವ ವಸ್ತುವಿನ ಮೇಲೆ ಮಾಡಿದವರ ಹೆಸರು, ಊರು. ಆಯ್ಕೆ ಸಮಿತಿಯಲ್ಲಿ ಅವರದೂ ಒಂದು ಕುರ್ಚಿ. ಉತ್ಸವದಲ್ಲಷ್ಟೇ ಅಲ್ಲ, ಆಷಾಢದಲ್ಲೂ ಕೊಳ್ಳುವುದು. ಬೆಲೆಯನ್ನು ಅವರು ಹೇಳುವುದು, ನಾವು ಕೇಳುವುದು.

ಕೊನೆಯ ಸಾಲನ್ನು ನಾನು ತಡವಾಗಿ ಸೇರಿಸಿದ್ದು. ಮರುವರ್ಷ ಆ ಸಿದ್ದಿ ಅಜ್ಜಿಯ ಮನೆಗೆ ಹೋಗಿದ್ದೆ. ಹಗ್ಗದ ಮೇಲೆ ಹೊಸ ಕೌದಿ ಒಣಗುತ್ತಿತ್ತು. ಮೂಲೆಯ ಫುಲದಲ್ಲಿ ಗುರುತಿನ ಜರಿ ಮಿನುಗಿತು. ಹತ್ತಿರ ಹೋಗಿ ನೋಡಿದರೆ ನಮ್ಮ ಶಾಲು! ನಾಲ್ಕು ಫುಲ, ಹನ್ನೆರಡು ಚೂರು. ಈಗ ಒಂದು ದಾರವೂ ಬಿಟ್ಟುಕೊಳ್ಳುವಂತಿರಲಿಲ್ಲ. ಬೆಲೆ ಕೇಳಿದೆ. ಹೇಳಿದರು. ರೂಢಿಯಂತೆ ನನ್ನ ಹುಬ್ಬು ಮೇಲೇರಿತು.

ಅಜ್ಜಿ ಕೌದಿಯನ್ನು ಹಗ್ಗದಿಂದ ತೆಗೆದು ಮಡಚುತ್ತ ಕೇಳಿದರು: ‘ಶಾಲಿನ ಮುನ್ನೂರೈವತ್ತು ಕಳೀಬೇಕೇನೋ, ತಮಾ?’